ಪರದೇಶದ ಸೆರೆಯಿಂದ ಸ್ವದೇಶದ ಸೆರೆಗೆ

ದೂರದೇಶಕ್ಕೆ ಹೋದ ಮಗನು ಅಲ್ಲಿ ಯಾವುದೋ ಅಪರಾಧಕ್ಕಾಗಿ ಶಿಕ್ಷೆಗೆ ಗುರಿಯಾಗಿ ಸೆರೆಮನೆಯಲ್ಲಿರುವನೆಂಬ ಸುದ್ದಿ ಬಂದಾಗ, ಊರಿನಲ್ಲಿರುವ ತಂದೆತಾಯಿಗಳ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಅವನು ತಪ್ಪು ಮಾಡಿದನೇ ಇಲ್ಲವೇ ಎಂಬುದಲ್ಲ. ಅವನ ಮುಖವನ್ನು ಕಾಣುವುದು ಹೇಗೆಂಬುದು. ಸೆರೆಮನೆಯೇ ಆಗಲಿ, ನಮ್ಮ ಸೀಮೆಯಲ್ಲಿದ್ದರೆ ಆಗೊಮ್ಮೆ ಈಗೊಮ್ಮೆ ಹೋಗಿ ನೋಡಿ ಬರಬಹುದು. ಅವನಿಗೆ ತಿಳಿಯುವ ಮಾತನ್ನಾಡುವವರು ಹತ್ತಿರದಲ್ಲಿರುತ್ತಾರೆ. ತಿನ್ನುವ ಅನ್ನವಾದರೂ ಪರಿಚಿತವಾಗಿರುತ್ತದೆ. ಹೀಗೆಂದುಕೊಂಡು ಅವರು ತಿಳಿದವರೊಬ್ಬರಿಂದ ಒಂದು ಅರ್ಜಿಯನ್ನು ಬರೆಯಿಸುತ್ತಾರೆ. ಆ ಅರ್ಜಿಯನ್ನು ಕೈಗೆತ್ತಿಕೊಂಡ ಸರ್ಕಾರಕ್ಕೆ ಏನು ಮಾಡುವ ಅಧಿಕಾರವಿದೆ, ಏನು ಮಾಡುವ ಅಧಿಕಾರವಿಲ್ಲ ಎಂಬುದೇ ಇಂದು ನಾವು ವಿಚಾರಮಾಡತಕ್ಕ ವಿಷಯ.

ಇದರಲ್ಲಿ ಜನರು ಸಾಮಾನ್ಯವಾಗಿ ಎರಡು ರೀತಿಯಲ್ಲಿ ತಪ್ಪು ತಿಳಿಯುತ್ತಾರೆ. ಎರಡು ದೇಶಗಳ ಮಧ್ಯೆ ಒಡಂಬಡಿಕೆಯೊಂದಿದ್ದರೆ ತಾಯ್ನಾಡಿಗೆ ಮರಳುವುದು ಕೈದಿಯ ಹಕ್ಕೆಂದು ತಿಳಿಯುವುದು ಒಂದು. ಒಮ್ಮೆ ನಮ್ಮ ನೆಲವನ್ನು ಮುಟ್ಟಿದರಾಯಿತು, ನಮ್ಮ ನ್ಯಾಯಾಲಯಗಳು ಅವನ ಮೊಕದ್ದಮೆಯನ್ನು ಹೊಸದಾಗಿ ನೋಡಿ ನ್ಯಾಯ ಮಾಡುತ್ತವೆಂದು ನಂಬುವುದು ಇನ್ನೊಂದು. ಎರಡೂ ನಿಜವಲ್ಲ. ಈ ನಂಬಿಕೆಗಳನ್ನು ನೆಚ್ಚಿ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿದವನಿಗೆ ಆಮೇಲೆ ಆಗುವ ನಿರಾಶೆ ಚಿಕ್ಕದಲ್ಲ.

ಒಂದು ದೇಶದ ದಂಡನೆಯನ್ನು ಇನ್ನೊಂದು ದೇಶದವರು ನಡೆಯಿಸಿಕೊಡುವುದೆಂಬುದು ಹಿಂದಿನ ಕಾಲದವರಿಗೆ ವಿಚಿತ್ರವಾದ ಮಾತಾಗಿ ತೋರುತ್ತಿತ್ತು. ಅಮೆರಿಕದ ಮುಖ್ಯ ನ್ಯಾಯಾಧೀಶರಾಗಿದ್ದ ಜಾನ್ ಮಾರ್ಷಲ್ ಅವರು 1825ರಲ್ಲಿ ಆಂಟಿಲೋಪ್ ಎಂಬ ಹಡಗಿನ ವ್ಯಾಜ್ಯದಲ್ಲಿ ತೀರ್ಪು ಕೊಡುತ್ತ, ಯಾವ ದೇಶದ ನ್ಯಾಯಾಲಯವೂ ಬೇರೊಂದು ದೇಶದ ದಂಡಶಾಸನವನ್ನು ಜಾರಿಗೆ ತರುವುದಿಲ್ಲವೆಂಬ ತತ್ತ್ವವನ್ನು ಖಂಡಿತವಾಗಿ ಹೇಳಿದರು. ಶಿಕ್ಷಿಸುವುದು ದೊರೆತನದ ಲಕ್ಷಣ. ಒಬ್ಬ ದೊರೆಯ ಕೋಲನ್ನು ಇನ್ನೊಬ್ಬ ದೊರೆ ಹಿಡಿಯುವುದುಂಟೇ?

ಓಡಿಹೋದವನನ್ನು ಹಿಡಿದೊಪ್ಪಿಸುವುದು ಮಾತ್ರ ಹಳೆಯ ಕಾಲದಿಂದಲೂ ಉಂಟು. ಅದರ ಪರಿಚಯ ನಮ್ಮ ಬೆಂಗಳೂರಿನ ಹಿರಿಯರಿಗೆ ಚೆನ್ನಾಗಿಯೇ ಇದ್ದಿತು. 1881ರಿಂದ 1947ರ ವರೆಗೆ ದಂಡುಪ್ರದೇಶವು ಬ್ರಿಟಿಷರ ಆಡಳಿತಕ್ಕೂ ಪೇಟೆಯು ಮೈಸೂರು ಮಹಾರಾಜರ ಆಡಳಿತಕ್ಕೂ ಸೇರಿದ್ದುವು. ಊರು ಒಂದೇ ಆದರೂ ಸರ್ಕಾರ ಎರಡು. ಸಂಸ್ಥಾನಗಳಿಗೂ ಬ್ರಿಟಿಷ್ ಇಂಡಿಯಾಕ್ಕೂ ನಡುವೆ ಆಪಾದಿತರನ್ನು ಒಪ್ಪಿಸುವ ಕ್ರಮವನ್ನು 1903ರ ಶಾಸನವೊಂದು ಗೊತ್ತುಮಾಡಿತ್ತು. ಆದರೆ ಅದು ವಿಚಾರಣೆಗಾಗಿ ಅಥವಾ ಶಿಕ್ಷೆಗಾಗಿ, ಅಪರಾಧ ನಡೆದ ಸೀಮೆಗೆ, ಆಪಾದಿತನ ಇಷ್ಟಾನಿಷ್ಟಗಳನ್ನು ಕೇಳದೆ ಎಳೆದೊಯ್ಯುವ ವ್ಯವಹಾರ. ನಾವು ಈಗ ಹೇಳಹೊರಟಿರುವುದು ಅದಕ್ಕೆ ವಿಮುಖವಾದುದು: ವಿಚಾರಣೆ ಮುಗಿದು, ಶಿಕ್ಷೆ ವಿಧಿಸಲ್ಪಟ್ಟು, ಅಪೀಲಿನ ದಾರಿಗಳೆಲ್ಲ ತೀರಿದ ಮೇಲೆ, ಕೈದಿಯನ್ನು ಅಪರಾಧ ನಡೆದ ದೇಶದಿಂದ ಅವನ ಸ್ವದೇಶಕ್ಕೆ ಕಳುಹಿಸಿ ಉಳಿದ ಅವಧಿಯನ್ನು ಅಲ್ಲಿ ಕಳೆಯುವಂತೆ ಮಾಡುವುದು. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವ ರೂಢಿ ಪತ್ರಿಕೆಗಳಲ್ಲಿಯೂ ಕಾಣುತ್ತದೆ. ಅದರಿಂದ ಗೊಂದಲ ಹೆಚ್ಚುತ್ತದೆಯೇ ಹೊರತು ವಿಷಯ ತಿಳಿಯಾಗುವುದಿಲ್ಲ.

ಈ ಎರಡನೆಯ ಪದ್ಧತಿಯು ಬೆಳೆದ ಬಗೆಯನ್ನು ತಿಳಿಯಲು ಅಮೆರಿಕ ಮತ್ತು ಮೆಕ್ಸಿಕೋ ದೇಶಗಳ ಉದಾಹರಣೆಯೇ ಉತ್ತಮ. 1970ರ ದಶಕದಲ್ಲಿ ಮಾದಕವಸ್ತುಗಳ ಸಾಗಾಣಿಕೆಯನ್ನು ಅಡಗಿಸಲು ಮೆಕ್ಸಿಕೋ ಸರ್ಕಾರದವರು ಕಠಿನವಾದ ಕ್ರಮಗಳನ್ನು ಕೈಗೊಂಡಾಗ ನೂರಾರು ಮಂದಿ ಅಮೆರಿಕನರು ಅಲ್ಲಿನ ಸೆರೆಮನೆಗಳನ್ನು ಸೇರಿದರು. ಬಂಧಿಸಿದಾಗ ಹೊಡೆದು ಬಡಿದು ತಪ್ಪೊಪ್ಪಿಗೆ ಬರೆಯಿಸಿಕೊಂಡರೆಂದೂ, ಹಣ ಕೊಡದವನಿಗೆ ಒಳಗೆ ಹಾಸಿಗೆಯೂ ದೊರೆಯದೆಂದೂ ದೂರುಗಳು ಬಂದುವು. ಮನೆಯವರು ತಮ್ಮ ಪ್ರತಿನಿಧಿಗಳ ಬಾಗಿಲು ತಟ್ಟಿದರು. ಮೆಕ್ಸಿಕೋದ ತೀರ್ಪುಗಳನ್ನು ತಪ್ಪೆಂದು ಹೇಳುವ ಅಧಿಕಾರ ಅಮೆರಿಕಕ್ಕಿಲ್ಲ. ಹೇಳಿದರೆ ಮೆಕ್ಸಿಕೋ ಒಪ್ಪುವಂತಿಲ್ಲ. ಈ ಇಕ್ಕಟ್ಟಿನಿಂದ ಹೊರಬರಲು 1976ರ ನವೆಂಬರಿನಲ್ಲಿ ಎರಡು ಸರ್ಕಾರಗಳೂ ಒಂದು ಒಡಂಬಡಿಕೆಗೆ ಸಹಿ ಹಾಕಿದುವು. ಮೆಕ್ಸಿಕೋದ ಶಿಕ್ಷೆ ಮೆಕ್ಸಿಕೋದ ಶಿಕ್ಷೆಯಾಗಿಯೇ ಉಳಿಯತಕ್ಕದ್ದು. ಅದನ್ನು ಅನುಭವಿಸುವ ಸ್ಥಳ ಮಾತ್ರ ಬದಲಾಗತಕ್ಕದ್ದು. ಮೆಕ್ಸಿಕೋದ ಪ್ರಜೆಗಳಾಗಿ ಅಮೆರಿಕದಲ್ಲಿ ಸೆರೆಯಾದವರಿಗೂ ಇದೇ ನಿಯಮ. 1977ರ ಅಕ್ಟೋಬರಿನಲ್ಲಿ ಅಮೆರಿಕದ ಶಾಸನಸಭೆ ಇದಕ್ಕೆ ಬೇಕಾದ ಕಾನೂನನ್ನು ಮಾಡಿತು. ಡಿಸೆಂಬರಿನಲ್ಲಿ ಮೊದಲ ತಂಡ ವಿಮಾನದಲ್ಲಿ ಸ್ಯಾನ್ ಡಿಯೇಗೋ ನಗರಕ್ಕೆ ಬಂದಿಳಿಯಿತು.

ಆ ಕಾನೂನು ಅಧಿಕಾರವನ್ನು ಯಾರ ಕೈಯಲ್ಲಿಟ್ಟಿತೆಂಬುದನ್ನು ಗಮನಿಸಬೇಕು. ಒಡಂಬಡಿಕೆಯ ವಿಷಯದಲ್ಲಿ ದೇಶದ ಪರವಾಗಿ ನಡೆಯತಕ್ಕವರು ಅಟಾರ್ನಿ ಜನರಲ್. ಪರದೇಶದಿಂದ ಕೈದಿಯನ್ನು ವಶಕ್ಕೆ ತೆಗೆದುಕೊಳ್ಳುವುದು, ಇಲ್ಲಿಂದ ಕಳುಹಿಸುವುದು, ನಿಯಮಗಳನ್ನು ರಚಿಸುವುದು, ಬೇರೆ ಬೇರೆ ಸಂಸ್ಥಾನಗಳೊಡನೆ ಏರ್ಪಾಡು ಮಾಡಿಕೊಳ್ಳುವುದು ಎಲ್ಲವೂ ಅವರದೇ. ಟೆಕ್ಸಾಸಿನಂಥ ಸಂಸ್ಥಾನವೊಂದರ ನ್ಯಾಯಾಲಯ ಶಿಕ್ಷಿಸಿದ ಕೈದಿಯಾಗಿದ್ದರೆ ಆ ಸಂಸ್ಥಾನ ಮೊದಲು ಒಪ್ಪಬೇಕು. ಅದು ಒಪ್ಪಿದ ಮಾತ್ರಕ್ಕೆ ಅಟಾರ್ನಿ ಜನರಲ್ ಒಪ್ಪಬೇಕೆಂಬ ಕಟ್ಟೇನೂ ಇಲ್ಲ.

ನ್ಯಾಯಾಲಯಕ್ಕೆ ಉಳಿದದ್ದು ಕೈದಿಯ ಒಪ್ಪಿಗೆಯನ್ನು ಪರೀಕ್ಷಿಸುವ ಕೆಲಸ. ಇದು ನಮಗೆ ಬಹಳ ಮೆಚ್ಚಿಕೆಯಾದ ಭಾಗ. ಅಮೆರಿಕಕ್ಕೆ ಬರಬೇಕಾದ ಕೈದಿಯಿರುವ ದೇಶಕ್ಕೆ ಅಮೆರಿಕದ ಮ್ಯಾಜಿಸ್ಟ್ರೇಟನೊಬ್ಬನೇ ಹೋಗಿ ಎದುರಿಗೆ ಕೂರಿಸಿಕೊಂಡು ಕೇಳಬೇಕು. ನಿನ್ನ ತೀರ್ಪನ್ನು ತಿದ್ದುವ ಅಥವಾ ರದ್ದುಮಾಡುವ ಅಧಿಕಾರ ಶಿಕ್ಷಿಸಿದ ದೇಶಕ್ಕೆ ಮಾತ್ರವೇ ಇದೆಯೆಂದು ತಿಳಿದಿದ್ದೀಯಾ? ಮುಂದೆ ನಿನ್ನ ಶಿಕ್ಷೆ ಅಮೆರಿಕದ ಕಾನೂನಿನಂತೆ ನಡೆಯುವುದೆಂದು ತಿಳಿದಿದ್ದೀಯಾ? ಒಡಂಬಡಿಕೆಯಂತೆ ವರ್ಗಾವಣೆ ನಡೆಯಲಿಲ್ಲವೆಂದು ನ್ಯಾಯಾಲಯ ಕಂಡುಕೊಂಡರೆ ಮತ್ತೆ ಆ ದೇಶಕ್ಕೇ ಹಿಂದಿರುಗಬೇಕಾಗಬಹುದೆಂದು ತಿಳಿದಿದ್ದೀಯಾ? ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವಂತಿಲ್ಲವೆಂದು ತಿಳಿದಿದ್ದೀಯಾ? ಇಷ್ಟಕ್ಕೂ ಹೌದೆಂದ ಮೇಲೆಯೇ, ಯಾರ ಬಲವಂತವೂ ಆಮಿಷವೂ ಇಲ್ಲವೆಂದು ಗೊತ್ತಾದ ಮೇಲೆಯೇ ಕಾಗದ ಮುಂದೆ ಸಾಗುವುದು. ವಕೀಲನನ್ನು ಗೊತ್ತುಮಾಡಿಕೊಳ್ಳಲು ಹಣವಿಲ್ಲದವನಿಗೆ ವಕೀಲನನ್ನು ಒದಗಿಸಬೇಕು.

ಇಷ್ಟು ಎಚ್ಚರಿಕೆ ಏಕೆಂಬುದಕ್ಕೆ ಉತ್ತರ ಬೇಗನೆ ಬಂದಿತು. ಮೊದಮೊದಲು ಹಿಂದಿರುಗಿದವರಲ್ಲಿ ಕೆಲವರು ಕನೆಕ್ಟಿಕಟ್ ಪ್ರಾಂತದ ಸೆರೆಮನೆಯಿಂದ ಅಲ್ಲಿನ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಮೆಕ್ಸಿಕೋದಲ್ಲಿ ತಮ್ಮನ್ನು ಹಿಂಸೆಗೆ ಗುರಿಮಾಡಿದರೆಂದೂ, ನಡೆದ ವಿಚಾರಣೆ ಹೆಸರಿಗೆ ಮಾತ್ರವೆಂದೂ, ಅಂಥ ತೀರ್ಪಿನ ಬಲದ ಮೇಲೆ ಅಮೆರಿಕದ ಸರ್ಕಾರ ತಮ್ಮನ್ನು ಸೆರೆಯಲ್ಲಿಡುವುದು ಅಮೆರಿಕದ ರಾಜ್ಯಾಂಗಕ್ಕೆ ವಿರುದ್ಧವೆಂದೂ ಅವರ ವಾದ. ಮೊದಲ ನ್ಯಾಯಾಲಯ ಒಪ್ಪಿ ಬಿಡುಗಡೆಗೆ ಆಜ್ಞೆ ಮಾಡಿತು. ಸರ್ಕಾರದವರು ಮೇಲಕ್ಕೆ ಹೋದರು. 1980ರಲ್ಲಿ ನ್ಯೂಯಾರ್ಕಿನಲ್ಲಿ ಕೂಡುವ ಮೇಲ್ಮನವಿ ನ್ಯಾಯಾಲಯ ಆ ಆಜ್ಞೆಯನ್ನು ಬದಲಾಯಿಸಿತು. ಅವರು ಪಟ್ಟ ಪಾಡಿನ ಕಥೆಯನ್ನು ಆ ನ್ಯಾಯಾಧೀಶರು ಅಲ್ಲಗಳೆಯಲಿಲ್ಲ. ಅದು ನಂಬತಕ್ಕದ್ದೆಂದೇ ಭಾವಿಸಿದರು. ಆದರೆ ತಿಳಿದೂ ತಿಳಿದು ಕೊಟ್ಟ ಒಪ್ಪಿಗೆ ಅವರನ್ನು ಕಟ್ಟುತ್ತದೆ ಎಂದರು. ಇವರನ್ನು ಬಿಟ್ಟರೆ ಮೆಕ್ಸಿಕೋ ಇನ್ನು ಮುಂದೆ ಯಾರನ್ನೂ ಕಳುಹಿಸಲಾರದು. ಅಲ್ಲಿ ಉಳಿದಿರುವವರಿಗೆ ತೆರೆದಿರುವ ಒಂದೇ ಬಾಗಿಲು ಮುಚ್ಚಿಹೋಗುವುದು ಎಂಬುದೂ ಅವರ ಮನಸ್ಸಿನಲ್ಲಿದ್ದಿತು. ಓದುವವರಿಗೆ ಕಹಿಯೆನಿಸುವ ತೀರ್ಪು ಇದು. ಮನೆಗೆ ಬರುವ ಬೆಲೆಯಾಗಿ ಆ ಜನ ಕೊಟ್ಟದ್ದು, ತಮಗೆ ಅನ್ಯಾಯವಾಯಿತೆಂದು ಸ್ವದೇಶದಲ್ಲಿ ಹೇಳಿಕೊಳ್ಳುವ ಮಾರ್ಗವನ್ನು.

ಕೈದಿ ಒಪ್ಪಿದರೂ ಸರ್ಕಾರ ಒಪ್ಪದಿದ್ದರೆ? ಬ್ರಿಟಿಷ್ ಪ್ರಜೆಯೊಬ್ಬನು ಅಮೆರಿಕದ ಸೆರೆಯಿಂದ ತನ್ನ ದೇಶಕ್ಕೆ ಕಳುಹಿಸಬೇಕೆಂದು ಕೇಳಿದಾಗ ಅಟಾರ್ನಿ ಜನರಲ್ ಕಚೇರಿಯವರು ನಿರಾಕರಿಸಿದರು. 1991ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, ಇದು ಪೂರ್ತಿಯಾಗಿ ಸರ್ಕಾರದ ವಿವೇಚನೆಗೆ ಬಿಟ್ಟ ವಿಷಯ, ಒಡಂಬಡಿಕೆಯಾಗಲಿ ಕಾನೂನಾಗಲಿ ಕಳುಹಿಸಲೇಬೇಕೆಂಬ ಕರ್ತವ್ಯವನ್ನು ಹೊರಿಸಿಲ್ಲ, ಆದ್ದರಿಂದ ನ್ಯಾಯಾಲಯ ಕೈ ಹಾಕಲಾರದು ಎಂದು ಹೇಳಿತು. ಕೆನಡಾದವರು ಇಷ್ಟು ದೂರ ಹೋಗಲಿಲ್ಲ. ಅಲ್ಲಿಯ ರಾಜ್ಯಾಂಗವು ಪ್ರತಿಯೊಬ್ಬ ಪ್ರಜೆಗೂ ದೇಶವನ್ನು ಪ್ರವೇಶಿಸುವ ಹಕ್ಕನ್ನು ಕೊಟ್ಟಿದೆ. ಹಾಗಿದ್ದಮೇಲೆ ಕೈದಿಯಾದ ಪ್ರಜೆಯನ್ನು ಮಂತ್ರಿ ಬೇಡವೆನ್ನಬಹುದೇ ಎಂಬ ಪ್ರಶ್ನೆ ಅವರ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು 2013ರಲ್ಲಿ ತೀರ್ಮಾನವಾಯಿತು. ಪರದೇಶದ ಶಿಕ್ಷೆಯನ್ನು ಸ್ವದೇಶದಲ್ಲಿ ಅನುಭವಿಸುವ ಹಕ್ಕೆಂಬುದು ಇಲ್ಲ. ಆದರೆ ಮಂತ್ರಿಯ ವಿವೇಚನೆ ಯುಕ್ತವಾಗಿರಬೇಕು, ರಾಜ್ಯಾಂಗದ ಮೌಲ್ಯಗಳನ್ನು ಮರೆಯದೆ ನಡೆಯಬೇಕು ಎಂಬುದು ಆ ತೀರ್ಮಾನ. ಎರಡರಲ್ಲಿ ಕೆನಡಾದ ದಾರಿಯೇ ನಮಗೆ ಮೇಲೆನಿಸುತ್ತದೆ. ಇಲ್ಲವೆನ್ನುವ ಅಧಿಕಾರ ಸರ್ಕಾರಕ್ಕಿರಲಿ. ಏಕೆ ಇಲ್ಲವೆಂಬುದನ್ನು ತಿಳಿಸದಿರುವ ಅಧಿಕಾರ ಯಾವ ಸರ್ಕಾರಕ್ಕೂ ಬೇಕಿಲ್ಲ.

ಇತ್ತ ಯೂರೋಪಿನ ರಾಷ್ಟ್ರಗಳು ಸ್ಟ್ರಾಸ್‌ಬರ್ಗ್ ನಗರದಲ್ಲಿ 1983ರಲ್ಲಿ ಮಾಡಿಕೊಂಡ ಒಡಂಬಡಿಕೆ 1985ರಲ್ಲಿ ಜಾರಿಗೆ ಬಂದು, ಆಮೇಲಿನ ಅನೇಕ ಒಡಂಬಡಿಕೆಗಳಿಗೆ ಮಾದರಿಯಾಯಿತು. ತೀರ್ಪು ಅಂತಿಮವಾಗಿರಬೇಕು, ಸಾಮಾನ್ಯವಾಗಿ ಆರು ತಿಂಗಳಾದರೂ ಶಿಕ್ಷೆ ಉಳಿದಿರಬೇಕು, ಮಾಡಿದ ಕೃತ್ಯ ಎರಡು ದೇಶಗಳಲ್ಲಿಯೂ ಅಪರಾಧವಾಗಿರಬೇಕು, ಕೈದಿಯೂ ಎರಡು ಸರ್ಕಾರಗಳೂ ಒಪ್ಪಬೇಕು. ಹೀಗೆ ಮೂರು ಒಪ್ಪಿಗೆಗಳ ಗಂಟು. ಇತ್ತೀಚೆಗೆ ಮಾತ್ರ ಕೈದಿಯ ಒಪ್ಪಿಗೆಯ ಎಳೆಯನ್ನು ಸಡಿಲಿಸುವ ಪ್ರವೃತ್ತಿ ಅಲ್ಲಿ ಬೆಳೆಯುತ್ತಿದೆ. ಗಡೀಪಾರಿನ ಆಜ್ಞೆಯಾದವನನ್ನು ಅವನು ಒಪ್ಪದಿದ್ದರೂ ಕಳುಹಿಸಬಹುದೆಂದು 1997ರ ಉಪ ಒಡಂಬಡಿಕೆ ಹೇಳಿತು. ಯೂರೋಪಿನ ಒಕ್ಕೂಟ 2008ರಲ್ಲಿ ಆ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಪರದೇಶದವರಿಂದ ತಮ್ಮ ಸೆರೆಮನೆಗಳು ತುಂಬಿಹೋಗಿವೆಯೆಂಬ ಚಿಂತೆ ಇದಕ್ಕೆ ಕಾರಣ. ದಯೆಗಾಗಿ ಹುಟ್ಟಿದ ಏರ್ಪಾಡು ಸ್ಥಳಾಭಾವದ ಪರಿಹಾರಕ್ಕೆ ತಿರುಗುವುದು ನಮಗಂತೂ ಹಿತವಾಗಿ ತೋರುವುದಿಲ್ಲ.

ಇನ್ನು ನಮ್ಮ ದೇಶದ ವಿಷಯ. ಕೈದಿಗಳನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕಳುಹಿಸಲು 1950ರಲ್ಲಿಯೇ ಒಂದು ಶಾಸನವಾಗಿದ್ದರೂ, ಪರದೇಶಗಳೊಡನೆ ಈ ವ್ಯವಹಾರ ನಡೆಸಲು ಕಾನೂನಾದದ್ದು 2003ರಲ್ಲಿ. ಅದು ಜಾರಿಗೆ ಬಂದದ್ದು 2004ರ ಜನವರಿ 1ರಂದು. ಒಡಂಬಡಿಕೆಗಳು ಒಕ್ಕೂಟ ಸರ್ಕಾರಕ್ಕೆ ಸೇರಿದ ವಿಷಯ. ಸೆರೆಮನೆಗಳು ರಾಜ್ಯಗಳಿಗೆ ಸೇರಿದ ವಿಷಯ. ಆದಕಾರಣ ತೀರ್ಮಾನ ದೆಹಲಿಯಲ್ಲಿ, ವಾಸ ರಾಜ್ಯದ ಸೆರೆಯಲ್ಲಿ. ನಮ್ಮಲ್ಲಿರುವ ಪರದೇಶದ ಕೈದಿ ತನ್ನ ದೇಶಕ್ಕೆ ಹೋಗಬೇಕೆಂದು ಕೋರಿದರೆ, ಅವನ ಮೇಲೆ ಬೇರೆ ವಿಚಾರಣೆ ಬಾಕಿಯಿರಕೂಡದು, ಮರಣದಂಡನೆಯಾಗಿರಕೂಡದು, ಸೈನಿಕ ಶಾಸನದ ಕೆಳಗೆ ಶಿಕ್ಷೆಯಾಗಿರಕೂಡದು, ಅವನನ್ನು ಕಳುಹಿಸುವುದರಿಂದ ದೇಶದ ಪರಮಾಧಿಕಾರಕ್ಕೂ ಭದ್ರತೆಗೂ ಹಿತಕ್ಕೂ ಬಾಧಕವಿರಕೂಡದು. ಪರದೇಶದಲ್ಲಿರುವ ನಮ್ಮ ಪ್ರಜೆಯನ್ನು ಕರೆತರುವಾಗಲೂ ಕೇಂದ್ರ ಸರ್ಕಾರ ಒಪ್ಪಬಹುದು ಎಂದು ಕಾನೂನು ಹೇಳುತ್ತದೆಯೇ ಹೊರತು ಒಪ್ಪತಕ್ಕದ್ದು ಎಂದಲ್ಲ. 'ಬಹುದು' ಎಂಬ ಆ ಒಂದು ಮಾತಿನಲ್ಲಿ ಸರ್ಕಾರದ ಅಧಿಕಾರವೆಲ್ಲ ಅಡಗಿದೆ.

ಬಂದ ಮೇಲೆ ಶಿಕ್ಷೆಯ ಗತಿಯೇನು? ಪರದೇಶದ ಶಿಕ್ಷೆ ತನ್ನ ಸ್ವರೂಪದಲ್ಲಾಗಲಿ ಅವಧಿಯಲ್ಲಾಗಲಿ ಭಾರತದ ಕಾನೂನಿಗೆ ಹೊಂದದೆ ಇದ್ದರೆ, ಅಂಥದೇ ಅಪರಾಧಕ್ಕೆ ಇಲ್ಲಿರುವ ಶಿಕ್ಷೆಗೆ ಅದನ್ನು ಹೊಂದಿಸಬಹುದೆಂದು ನಮ್ಮ ಕಾನೂನಿನಲ್ಲಿದೆ. ಹಾಗೆ ಹೊಂದಿಸಿದ ಶಿಕ್ಷೆ ಸಾಧ್ಯವಾದಮಟ್ಟಿಗೂ ಮೂಲಶಿಕ್ಷೆಗೆ ಸಮನಾಗಿರಬೇಕು; ಮೊದಲಿನದಕ್ಕಿಂತ ಕಠಿನವಾಗಕೂಡದು. ಈ ವಾಕ್ಯದ ಮೇಲೆಯೇ ಮಾರಿಷಸ್ಸಿನಿಂದ ಬಂದ ಒಬ್ಬ ಕೈದಿಯ ಆಸೆಯೆಲ್ಲ ನಿಂತಿದ್ದಿತು.

152.8 ಗ್ರಾಂ ಹೆರಾಯಿನ್ ಇಟ್ಟುಕೊಂಡಿದ್ದನೆಂದು ಮಾರಿಷಸ್ಸಿನ ನ್ಯಾಯಾಲಯ ಅವನಿಗೆ 26 ವರ್ಷಗಳ ಶಿಕ್ಷೆ ವಿಧಿಸಿತ್ತು. 2005ರಲ್ಲಿ ಆ ದೇಶದೊಡನೆ ಆದ ಒಡಂಬಡಿಕೆಯಂತೆ ಅವನನ್ನು ಭಾರತಕ್ಕೆ ಕರೆತಂದರು. ನಮ್ಮ ಮಾದಕವಸ್ತು ಶಾಸನದಲ್ಲಿ ಹೆರಾಯಿನ್ನಿಗೆ ವಾಣಿಜ್ಯ ಪ್ರಮಾಣವೆಂದು ಗೊತ್ತಾಗಿರುವುದು 250 ಗ್ರಾಂ. ಅದಕ್ಕೆ ಕಡಮೆಯಾದ ಮಧ್ಯಮ ಪ್ರಮಾಣಕ್ಕೆ ಇಲ್ಲಿ ಹೆಚ್ಚೆಂದರೆ ಹತ್ತು ವರ್ಷ. ಹತ್ತೆಲ್ಲಿ, ಇಪ್ಪತ್ತಾರೆಲ್ಲಿ! ಶಿಕ್ಷೆಯನ್ನು ಇಲ್ಲಿನ ಅಳತೆಗೆ ಇಳಿಸಬೇಕೆಂದು ಅವನು ಬೇಡಿಕೊಂಡನು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮುಂಬಯಿಯ ಉಚ್ಚ ನ್ಯಾಯಾಲಯ ಒಪ್ಪಿ ಹತ್ತು ವರ್ಷಕ್ಕೆ ಇಳಿಸಿತು. ಸರ್ಕಾರದವರು ದೆಹಲಿಗೆ ಅಪೀಲು ಹೋದರು. 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾದ ನಾಗೇಶ್ವರ ರಾವ್ ಮತ್ತು ಗವಾಯಿ ಅವರು ಉಚ್ಚ ನ್ಯಾಯಾಲಯದ ಆಜ್ಞೆಯನ್ನು ರದ್ದುಮಾಡಿದರು. ಹೊಂದದಿರುವುದು ಎಂಬ ಮಾತಿಗೆ ಅವಧಿಯಲ್ಲಿ ಹೆಚ್ಚುಕಡಮೆಯಿರುವುದೆಂಬುದಷ್ಟೇ ಅರ್ಥವಲ್ಲ; ಭಾರತದ ಮೂಲಭೂತವಾದ ಕಾನೂನಿಗೆ ವಿರುದ್ಧವಾಗಿದ್ದರೆ ಮಾತ್ರ ಹೊಂದಿಸುವ ಮಾತು. ಶಿಕ್ಷಿಸಿದ ದೇಶ ಗೊತ್ತುಮಾಡಿದ ಅವಧಿಗೆ ಸ್ವೀಕರಿಸಿದ ದೇಶ ಬದ್ಧವೆಂದು ಒಡಂಬಡಿಕೆಯೇ ಹೇಳುತ್ತದೆ ಎಂದು ಅವರು ವಿವರಿಸಿದರು.

ಈ ತೀರ್ಪನ್ನು ಕ್ರೂರವೆನ್ನುವವರು ಉಂಟು. ಯೋಚಿಸಿದರೆ, ಇದಕ್ಕೆ ಬೇರೆ ದಾರಿಯಿದ್ದಂತೆ ನಮಗೆ ತೋರುವುದಿಲ್ಲ. ಇಪ್ಪತ್ತಾರು ವರ್ಷಕ್ಕೆಂದು ನಂಬಿ ಕೊಟ್ಟ ಕೈದಿಯನ್ನು ಹತ್ತೇ ವರ್ಷಕ್ಕೆ ಬಿಡುವ ದೇಶಕ್ಕೆ ಎರಡನೆಯವನನ್ನು ಯಾರು ಕೊಡುತ್ತಾರೆ? ಆದರೆ ಇದೇ ಕಾರಣದಿಂದ, ಒಪ್ಪಿಗೆ ಕೊಡುವ ಮುನ್ನ ಕೈದಿಗೆ ಅವನ ಭಾಷೆಯಲ್ಲಿ, ಮೇಲೆ ಹೇಳಿದ ಮ್ಯಾಜಿಸ್ಟ್ರೇಟನ ರೀತಿಯಲ್ಲಿ, ಒಂದೊಂದು ಪರಿಣಾಮವನ್ನೂ ಬಿಡಿಸಿ ಹೇಳುವವರು ಎಲ್ಲ ದೇಶಗಳಲ್ಲಿಯೂ ಇರಬೇಕಾದದ್ದು ಅಗತ್ಯ. ಕರ್ಣಾಟಕದ ಕೈದಿಗೆ ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಹೇಳಬೇಕು. ದೂತಾವಾಸದ ಇಂಗ್ಲಿಷ್ ನಮೂನೆಗೆ ಹೆಬ್ಬೆಟ್ಟೊತ್ತಿದವನು ತಿಳಿದು ಒಪ್ಪಿದನೆಂದು ಯಾವ ಮನಸ್ಸಾಕ್ಷಿಯಿಂದ ಹೇಳುವುದು?

ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಮನೆಗಳಿಗೆ ಇದು ಪುಸ್ತಕದ ವಿಷಯವಲ್ಲ. ಆ ಕರಾವಳಿಯಿಂದ ಗಲ್ಫ್ ರಾಜ್ಯಗಳಿಗೆ ದುಡಿಯಲು ಹೋದವರು ಬಹಳ ಮಂದಿ. ಸೌದಿ ಅರೇಬಿಯದೊಡನೆ 2010ರಲ್ಲಿಯೂ, ಸಂಯುಕ್ತ ಅರಬ್ ಎಮಿರೇಟ್ಸಿನೊಡನೆ 2011ರಲ್ಲಿಯೂ ಭಾರತ ಸರ್ಕಾರ ಇಂಥ ಒಡಂಬಡಿಕೆಗಳಿಗೆ ಸಹಿ ಹಾಕಿದೆ. 2025ರ ಮಾರ್ಚಿನಲ್ಲಿ ಸಂಸತ್ತಿಗೆ ತಿಳಿಸಿದಂತೆ, ವಿಚಾರಣೆಗಾಗಿ ಕಾದಿರುವವರೂ ಸೇರಿ ಪರದೇಶಗಳ ಸೆರೆಮನೆಗಳಲ್ಲಿದ್ದ ಭಾರತೀಯರು 10,152 ಮಂದಿ. ಆದರೆ ಈ ಕಾನೂನಿನ ಕೆಳಗೆ 2022ರ ಆರಂಭದ ವರೆಗೆ ತಾಯ್ನಾಡಿಗೆ ಬಂದವರ ಸಂಖ್ಯೆ ನೂರನ್ನು ಮುಟ್ಟಿರಲಿಲ್ಲ. ಕಾಗದಪತ್ರಗಳು ಎರಡು ಸರ್ಕಾರಗಳ ಮೇಜುಗಳ ಮೇಲೆ ತಿಂಗಳುಗಟ್ಟಲೆ ಮಲಗುವುದು ಒಂದು ಕಾರಣ. ಕೈದಿಗಳೇ ಹಿಂಜರಿಯುವುದು ಇನ್ನೊಂದು. ಹಬ್ಬದ ಸಂದರ್ಭಗಳಲ್ಲಿ ಕೈದಿಗಳಿಗೆ ಕ್ಷಮಾದಾನ ಮಾಡುವ ಪದ್ಧತಿ ಆ ದೊರೆಗಳಲ್ಲಿ ಉಂಟು. ಅಲ್ಲಿಯೇ ಉಳಿದರೆ ಮುಂದಿನ ರಂಜಾನಿಗೆ ಬಿಡುಗಡೆಯಾದೀತು, ಊರಿನ ಸೆರೆಗೆ ಬಂದರೆ ಪೂರ್ತಿ ಅವಧಿಯನ್ನು ಕಳೆಯಬೇಕಾದೀತು ಎಂಬ ಲೆಕ್ಕ ಅವರದು. ಅದನ್ನು ಮೂರ್ಖತನವೆನ್ನಲಾಗದು.

ಆದರೂ ಬರಲು ನಿಶ್ಚಯಿಸಿದವನು ತಾನಿರುವ ಸೆರೆಮನೆಯ ಅಧಿಕಾರಿಗಳಿಗೋ ನಮ್ಮ ದೂತಾವಾಸಕ್ಕೋ ತನ್ನ ಇಚ್ಛೆಯನ್ನು ಬರೆದು ತಿಳಿಸಬೇಕು. ತೀರ್ಪಿನ ನಕಲು, ಅದುವರೆಗೆ ಕಳೆದ ಶಿಕ್ಷೆಯ ವಿವರ, ಅಪೀಲು ಬಾಕಿಯಿಲ್ಲವೆಂಬ ಪತ್ರ ಇವೆಲ್ಲ ಜತೆಗೂಡಿ ದೆಹಲಿಯ ಗೃಹ ಮಂತ್ರಾಲಯವನ್ನು ಸೇರುತ್ತವೆ. ಆ ಮಂತ್ರಾಲಯದವರು ಅವನ ಊರಿನ ರಾಜ್ಯ ಸರ್ಕಾರದೊಡನೆ ಸಮಾಲೋಚಿಸಿ, ಅವನನ್ನು ಇರಿಸತಕ್ಕ ಸೆರೆಮನೆಯನ್ನು ಗೊತ್ತುಮಾಡಿ ವಾರಂಟು ಹೊರಡಿಸುತ್ತಾರೆ. ಶಿಕ್ಷೆಯ ಸ್ವರೂಪವೂ ಅವಧಿಯೂ ಅದರಲ್ಲಿ ಬರೆದಿರುತ್ತವೆ. ವಿಮಾನನಿಲ್ದಾಣದಲ್ಲಿ ಅವನು ಒಂದು ಸರ್ಕಾರದ ಕೈಯಿಂದ ಇನ್ನೊಂದರ ಕೈಗೆ ದಾಟುತ್ತಾನೆ. ಊರಿನಲ್ಲಿರುವವರು ಆಮೇಲೆ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಆ ಸೆರೆಮನೆ ಯಾವುದು, ಭೇಟಿಗೆ ದಿನ ಯಾವುದು, ಹೋಗಲು ಬಸ್ಸು ಎಲ್ಲಿಂದ.